ಎಲ್ಲರ ಉಸಿರೂ 20 ಹೇಗಾದೀತು?

ನೀನು ಕಳಿಸಿದ ಎರಡು ಪುಟ ಓದಿದೆ ಕಣಮ್ಮ. ‘ನನ್ನ ಬೋಧನಾ ತತ್ವ’ ಅಂತ ತಲೆಬರಹ. ನರ್ಸಿಂಗ್ ಕಾಲೇಜಿನ ಟ್ಯೂಟರ್ ಕೆಲಸದ ಅರ್ಜಿಯ ಜೊತೆ ಇಂಥದ್ದೊಂದನ್ನು ಕೇಳುವ ಕಾಲ ಬಂತಲ್ಲ, ಸಂತೋಷ. ನಮ್ಮ ಕಾಲದಲ್ಲಿ ಕೌನ್ಸಿಲ್ ರಿಜಿಸ್ಟ್ರೇಷನ್ ಇದೆಯಾ, ಹಾಸ್ಟೆಲ್ ವಾರ್ಡನ್ ಕೆಲಸವನ್ನೂ ನೋಡಿಕೊಳ್ತೀಯಾ ಅಂತ ಎರಡೇ ಪ್ರಶ್ನೆ ಇದ್ದದ್ದು. ಐಡಿಯಲಿಸಂ, ನ್ಯಾಚುರಲಿಸಂ, ಪ್ರಾಗ್ಮಾಟಿಸಂ, ಜಾನ್ ಡ್ಯೂಯಿ, ಹೀಗೆ ಎಂ.ಎಸ್ಸಿ. ನರ್ಸಿಂಗಿನ ಎಜುಕೇಷನ್ ಪೇಪರಿನಲ್ಲಿ ಓದಿದ್ದೆಲ್ಲ ಅಚ್ಚುಕಟ್ಟಾಗಿ ಬಂದಿದೆ. ಅಂಕ ಹಾಕುವ ಜಾಗದಲ್ಲಿ ನಾನಿದ್ದರೆ ಧಾರಾಳವಾಗಿ ಹಾಕುತ್ತಿದ್ದೆ. ಕೆಲಸ ಕೊಡುವ ಜಾಗದಲ್ಲಿದ್ದಿದ್ದರೆ, ಇದರಲ್ಲಿ ರೋಗಿ ಎಲ್ಲಿದ್ದಾನೆ ಅಂತ ಕೇಳುತ್ತಿದ್ದೆ.

ಇನ್ನೊಂದು ಮಾತು. ‘ವಿದ್ಯಾರ್ಥಿ ಕಲ್ಲು, ಶಿಕ್ಷಕಿ ಶಿಲ್ಪಿ’ ಅನ್ನುವ ಸಾಲನ್ನು ದಯವಿಟ್ಟು ತೆಗೆದುಹಾಕು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವಳಿಗೇ ಕಲ್ಲಿನ ಕಥೆ ಹೇಳ್ತೀಯಲ್ಲೇ! ಕಲ್ಲಿನ ಮಧ್ಯೆಯೇ ಬೆಳೆದವಳು ಹೇಳುತ್ತಿದ್ದೇನೆ, ಕಲ್ಲು ಶಿಲ್ಪಿಯನ್ನು ನೋಡುವುದಿಲ್ಲ. ನಿನ್ನ ಕ್ಲಾಸಿನಲ್ಲಿ ಕೂತ ಹುಡುಗಿ ನಿನ್ನನ್ನು ಬೆಳಗಿನಿಂದ ಸಂಜೆಯವರೆಗೆ ನೋಡುತ್ತಲೇ ಇರುತ್ತಾಳೆ. ಅರಸೀಕೆರೆ ಕಡೆಯ ಯಾವುದೋ ಹಳ್ಳಿಯಿಂದ ಬಂದಿರುತ್ತಾಳೆ. ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟಿರುತ್ತಾರೆ. ನೀನು ವಾರ್ಡ್ ಸಿಸ್ಟರ್ ಹತ್ತಿರ ಹೇಗೆ ಮಾತಾಡ್ತೀಯ, ಆಯಾ ಹತ್ತಿರ ಹೇಗೆ ಮಾತಾಡ್ತೀಯ, ಡಾಕ್ಟರು ಬಂದಾಗ ನಿನ್ನ ದನಿ ಎಷ್ಟು ಇಳಿಯುತ್ತದೆ ಅನ್ನುವುದೆಲ್ಲ ಅವಳಿಗೆ ಪಾಠವೇ.

ನಾನು ಹೇಳಬೇಕಾದದ್ದು ಒಂದೇ ವಿಷಯ. ಅದನ್ನು ಟಿಪಿಆರ್ ಚಾರ್ಟಿನಿಂದ ಶುರುಮಾಡುತ್ತೇನೆ.

ಯಾವುದಾದರೂ ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡಿಗೆ ಹೋಗಿ ಬೆಳಗಿನ ಚಾರ್ಟುಗಳನ್ನು ಸಾಲಾಗಿ ತೆಗೆದು ನೋಡು. ಟೆಂಪರೇಚರ್ ಬೇರೆ ಬೇರೆ ಇರುತ್ತದೆ, ಪಲ್ಸ್ ಬೇರೆ ಬೇರೆ ಇರುತ್ತದೆ. ರೆಸ್ಪಿರೇಷನ್ ಕಾಲಮ್ಮಿನಲ್ಲಿ ಮಾತ್ರ ಮೇಲಿನಿಂದ ಕೆಳಗಿನವರೆಗೆ 20, 20, 20. ಹರ್ನಿಯಾ ಆಪರೇಷನ್ನಿಗೆ ಬಂದ ಅಜ್ಜನದ್ದೂ 20, ನಿಮೋನಿಯಾದಲ್ಲಿ ಏದುಸಿರು ಬಿಡುತ್ತಿರುವ ಹುಡುಗನದ್ದೂ 20. ಬೇಜಾರಾದವರು ಮಧ್ಯೆ ಒಂದೆರಡು ಕಡೆ 18 ಹಾಕಿರುತ್ತಾರೆ, ಬದಲಾವಣೆಗೆ. ಕಾರಣ ಎಲ್ಲರಿಗೂ ಗೊತ್ತು. ಜ್ವರವನ್ನು ಥರ್ಮಾಮೀಟರು ಹೇಳುತ್ತದೆ, ಪಲ್ಸನ್ನು ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರು ಹೇಳುತ್ತದೆ. ಉಸಿರನ್ನು ಮಾತ್ರ ಮನುಷ್ಯರೇ ನಿಂತು ಎಣಿಸಬೇಕು, ಪೂರ್ತಿ ಒಂದು ನಿಮಿಷ. 30 ಮಂಚ ಇದ್ದರೆ 30 ನಿಮಿಷ. ಆ ಅರ್ಧ ಗಂಟೆ ಯಾರ ಹತ್ತಿರವೂ ಇರುವುದಿಲ್ಲ.

ಹಾಗಂತ ಇದು ಬಿಟ್ಟರೂ ನಡೆಯುವ ಲೆಕ್ಕ ಅಲ್ಲ. ಸುಮ್ಮನೆ ಮಲಗಿರುವ ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20. ಅದು 24, 26ಕ್ಕೆ ಏರಿದೆ ಅಂದರೆ ಒಳಗೆ ಏನೋ ಕೆಡುತ್ತಿದೆ. ಎಷ್ಟೋ ಸಲ ಬಿ.ಪಿ. ಬೀಳುವ ಮುಂಚೆಯೇ ಉಸಿರು ಆ ಸುದ್ದಿ ಹೇಳಿಬಿಟ್ಟಿರುತ್ತದೆ. ಕೇಳಿಸಿಕೊಳ್ಳಬೇಕಾದವರು 20 ಅಂತ ಬರೆದು ಮುಂದೆ ಹೋಗಿರುತ್ತಾರೆ.

ಎಣಿಸುವುದನ್ನು ಕಲಿಸುವುದು ಹೀಗೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಪಲ್ಸ್ ಎಣಿಸಿ ಮುಗಿಸಿದ ಮೇಲೂ ವಿದ್ಯಾರ್ಥಿನಿ ಬೆರಳು ತೆಗೆಯಬಾರದು. ಪಲ್ಸ್ ನೋಡುತ್ತಿರುವವಳಂತೆಯೇ ನಿಂತು, ಕಣ್ಣನ್ನು ಹೊದಿಕೆ ಏರಿಳಿಯುವ ಕಡೆ ತಿರುಗಿಸಬೇಕು. ‘ಉಸಿರು ಎಣಿಸ್ತಿದೀನಿ ಅಜ್ಜ’ ಅಂದಳೋ ಕೆಟ್ಟಿತು, ಅಜ್ಜ ಉಸಿರಾಡುವ ರೀತಿಯನ್ನೇ ಬದಲಾಯಿಸಿಬಿಡುತ್ತಾನೆ. ನಮ್ಮ ಕೆಲಸದಲ್ಲಿ ರೋಗಿಗೆ ಹೇಳದೆ ಮಾಡಬಹುದಾದದ್ದು ಇದೊಂದೇ ಅಂತ ನಾನು ತಮಾಷೆ ಮಾಡುತ್ತಿದ್ದೆ. ನೀನು ಮಂಚದ ಆ ಕಡೆ ನಿಂತು ಅದೇ ನಿಮಿಷದಲ್ಲಿ ಎಣಿಸು. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ, ಆಮೇಲೆ ಹೋಲಿಸಿ. ಅಂಕಿ ಬೇರೆಯಾದರೆ ಇನ್ನೊಂದು ಸಲ. ಅವಳದ್ದೇ ಸರಿಯಾಗಿದ್ದರೆ ‘ನಿನ್ನದೇ ಸರಿ’ ಅಂತ ರೋಗಿಯ ಎದುರಿಗೇ ಹೇಳು. ಆ ಒಂದು ಮಾತು ಬೋರ್ಡಿನ ಮೇಲೆ ಬರೆಸಿದ ಎಷ್ಟೋ ನೋಟ್ಸಿಗಿಂತ ದೊಡ್ಡದು.

ಎಣಿಸದೆ ಬರೆಯುವವರನ್ನು ಸೋಮಾರಿಗಳು ಅಂತ ಬೈಯುವುದು ಸುಲಭ. ಸ್ವಲ್ಪ ಯೋಚಿಸು. 28 ಅಂತ ಬರೆದರೆ ‘ಯಾಕೆ 28? ಸರಿಯಾಗಿ ನೋಡಿದ್ಯಾ? ಯಾರಿಗೆ ಹೇಳ್ದೆ?’ ಅಂತ ಮೂರು ಪ್ರಶ್ನೆ ಬರುತ್ತವೆ, ಅದೂ ಎಲ್ಲರ ಮುಂದೆ, ಅದೂ ಗದರಿಸುವ ದನಿಯಲ್ಲಿ. 20 ಅಂತ ಬರೆದರೆ ಯಾರೂ ಏನೂ ಕೇಳುವುದಿಲ್ಲ. ಮೊದಲ ವರ್ಷದ ಹುಡುಗಿ ಇದನ್ನು ಪೋಸ್ಟಿಂಗಿನ ಮೊದಲ ವಾರದಲ್ಲೇ ಕಲಿತುಬಿಡುತ್ತಾಳೆ. ಹೆದರಿಕೊಂಡು ಕಲಿತವಳು ಪ್ರೊಸೀಜರ್ ಕಲಿಯುತ್ತಾಳೋ ಇಲ್ಲವೋ, ಯಾರೂ ಕೇಳದಂಥ ಅಂಕಿ ಯಾವುದು ಅನ್ನುವುದನ್ನಂತೂ ಕಲಿಯುತ್ತಾಳೆ. ನರ್ಸಿಂಗ್ ಶಾಲೆಗಳಲ್ಲಿ ನಾವು ಹೆದರಿಕೆಗೆ ಶಿಸ್ತು ಅಂತ ಹೆಸರಿಟ್ಟು ಬಹಳ ವರ್ಷ ನಡೆಸಿದ್ದೇವೆ. ಬಿಗಿಯಾಗಿ ಕಟ್ಟಿದ ಜಡೆ, ಗಂಜಿ ಹಾಕಿದ ಕ್ಯಾಪು, ಸೀನಿಯರ್ ಬಂದರೆ ಗೋಡೆಗೆ ಸರಿದು ನಿಲ್ಲುವುದು. ಈಗ ಬಹಳ ಕಡೆ ಕ್ಯಾಪು ಹೋಗಿದೆ. ಹೆದರಿಕೆ ಹೋಗಿಲ್ಲ.

ಆ ಹೆದರಿಕೆಗೆ ಉತ್ತರ ನನಗೆ ಸಿಕ್ಕಿದ್ದು ನಮ್ಮೂರಲ್ಲೇ. ಇಲ್ಲಿ ಮೂರು ಬಸದಿಗಳಿವೆಯಲ್ಲ, ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಟೂರಿಸ್ಟ್ ಬಸ್ಸುಗಳು ಹೊಯ್ಸಳೇಶ್ವರ ತೋರಿಸಿ ತಿರುಗಿಕೊಂಡು ಹೋಗುತ್ತವೆ. 2023ರಲ್ಲಿ ಹಳೇಬೀಡು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೂ ಇಲ್ಲಿಯವರೆಗೆ ಬರುವವರು ಕಡಿಮೆಯೇ. ಬಂದವರೂ ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳಲ್ಲಿ ತಮ್ಮ ಮುಖ ನೋಡಿಕೊಂಡು ಫೋಟೊ ತೆಗೆದುಕೊಂಡು ಹೊರಡುತ್ತಾರೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಅವನ ಮಗ ಬೊಪ್ಪದೇವ 1133ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ ಬಸದಿ ಅದು. ಆ ಕಾಲದ ಜೈನ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ ನಾಲ್ಕು ದಾನಗಳ ಮಾತು ಮತ್ತೆ ಮತ್ತೆ ಬರುತ್ತದೆ: ಆಹಾರ, ಅಭಯ, ಔಷಧ, ಶಾಸ್ತ್ರ. ನೀನು ಡ್ಯೂಯಿಯನ್ನು ಇಟ್ಟುಕೋ, ಬೇಡ ಅನ್ನುವುದಿಲ್ಲ. ಆದರೆ ನರ್ಸಿಂಗ್ ಟೀಚರಿಗೆ ಬೇಕಾದ ತತ್ವ ಈ ನಾಲ್ಕರಲ್ಲೇ ಇದೆ ಅಂತ ನನಗನ್ನಿಸುತ್ತದೆ. ಔಷಧವೂ ಶಾಸ್ತ್ರವೂ ನಿನ್ನ ಕೆಲಸದಲ್ಲಿ ಹೇಗೂ ಇವೆ. ಆಹಾರದ್ದು ಹಾಸ್ಟೆಲ್ ಮೆಸ್ಸಿನವರು ನೋಡಿಕೊಳ್ಳಬೇಕು. (ನೋಡಿಕೊಳ್ಳುತ್ತಿದ್ದಾರಾ ಅಂತ ಒಂದು ದಿನ ಹೇಳದೆ ಕೇಳದೆ ಹೋಗಿ ನೋಡು. ತಿಂಡಿ ಬಿಟ್ಟು ಬಂದ ಹುಡುಗಿಯರು ಡ್ರೆಸ್ಸಿಂಗ್ ನೋಡುವಾಗ ತಲೆ ತಿರುಗಿ ಬೀಳುತ್ತಾರೆ, ನಾವು ‘ರಕ್ತ ನೋಡಿ ಹೆದರಿದಳು’ ಅಂತ ಬರೆದುಕೊಳ್ಳುತ್ತೇವೆ.) ಉಳಿದದ್ದು ಅಭಯ. ಜೀವಿಗಳಿಗೆ ರಕ್ಷಣೆ ಕೊಡುವುದು ಅನ್ನುವ ಅರ್ಥದಲ್ಲಿ ಹೇಳಿದ್ದು ಅದು. ನೀನು ವಿದ್ಯಾರ್ಥಿನಿಗೆ ಅಭಯ ಕೊಟ್ಟರೆ ರಕ್ಷಣೆ ಸಿಗುವುದು ರೋಗಿಯ ಜೀವಕ್ಕೆ.

ಹೇಗೆ ಅಂತೀಯಾ? ಇನ್ಸುಲಿನ್ನಿನ ಉದಾಹರಣೆಯನ್ನೇ ತೆಗೆದುಕೋ. ನಮ್ಮಲ್ಲಿ ಎರಡು ಬಗೆಯ ವಯಲ್‌ಗಳು ನಡೆಯುತ್ತವೆ, ಒಂದು ಎಂ.ಎಲ್.ಗೆ 40 ಯೂನಿಟ್ಟಿನದ್ದು, ಇನ್ನೊಂದು 100 ಯೂನಿಟ್ಟಿನದ್ದು. ಸಿರಿಂಜೂ ಎರಡು ಬಗೆ, 40ರದ್ದಕ್ಕೆ ಕೆಂಪು ಕ್ಯಾಪು, 100ರದ್ದಕ್ಕೆ ಕಿತ್ತಳೆ ಕ್ಯಾಪು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 25 ಯೂನಿಟ್. ನಿನ್ನ ವಿದ್ಯಾರ್ಥಿನಿ ಒಬ್ಬಳು ಹಾಗೆ ಕೊಟ್ಟುಬಿಟ್ಟಳು ಅಂದುಕೋ. ಟ್ರೇ ತೆಗೆದಿಡುವಾಗ ಕ್ಯಾಪಿನ ಬಣ್ಣ ಕಣ್ಣಿಗೆ ಬಿತ್ತು, ಎದೆ ಧಸಕ್ಕೆಂದಿತು. ಆ ಗಳಿಗೆಯಲ್ಲಿ ಅವಳ ತಲೆಗೆ ಮೊದಲು ಬರುವುದು ನಿನ್ನ ಮುಖ. ಆ ಮುಖ ಎಂಥದ್ದು ಅನ್ನುವುದರ ಮೇಲೆ ಅವಳು ನಿನ್ನ ಕಡೆ ಓಡಿ ಬರುತ್ತಾಳೋ, ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅಳುತ್ತಾ ನಿಲ್ಲುತ್ತಾಳೋ ಅನ್ನುವುದು ತೀರ್ಮಾನವಾಗುತ್ತದೆ. ಓಡಿ ಬಂದರೆ ಶುಗರ್ ಇಳಿದು ಬೆವರು ಕಿತ್ತು ಪ್ರಜ್ಞೆ ತಪ್ಪುವ ಮುಂಚೆಯೇ ಗ್ಲುಕೋಮೀಟರ್ ಹಿಡಿಯಬಹುದು, ಗ್ಲುಕೋಸ್ ಕೊಡಬಹುದು. ಬಾತ್‌ರೂಮಿಗೆ ಹೋದರೆ ರೋಗಿ ನಿದ್ದೆ ಮಾಡುತ್ತಿದ್ದಾನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಬಂದು ಹೇಳಿದಳು ಅಂತಿಟ್ಟುಕೋ. ಮೊದಲು ರೋಗಿಯ ಹತ್ತಿರ ಹೋಗು, ಕೂಡಲೇ ಡಾಕ್ಟರಿಗೂ ವಾರ್ಡ್ ಸಿಸ್ಟರಿಗೂ ತಿಳಿಸು, ಆಮೇಲೆ ಆದದ್ದನ್ನು ಆದ ಹಾಗೆ ಬರೆಯಿಸು. ಬೈಗುಳಕ್ಕೆ ಇದರಲ್ಲಿ ಎಲ್ಲೂ ಜಾಗ ಇಲ್ಲ. ಸಂಜೆ ಅವಳನ್ನು ಕೂರಿಸಿಕೊಂಡು, ಎರಡೂ ಸಿರಿಂಜನ್ನು ಮೇಜಿನ ಮೇಲಿಟ್ಟು, ಎಲ್ಲಿ ಎಡವಿದೆ ಅಂತ ಅವಳ ಬಾಯಿಂದಲೇ ಹೇಳಿಸು. ಎರಡೂ ಬಗೆಯ ಸಿರಿಂಜು ಒಂದೇ ಡಬ್ಬಿಯಲ್ಲಿ ಯಾಕಿದ್ದವು ಅಂತ ವಾರ್ಡಿನವರನ್ನು ನೀನು ಕೇಳು. ಆ ಪ್ರಶ್ನೆ ಕೇಳುವ ಶಕ್ತಿ ಹುಡುಗಿಗಿಲ್ಲ, ನಿನಗಿದೆ. ಬಂದು ಹೇಳಿದ ತಪ್ಪಿಗೆ ಶಿಕ್ಷೆ ಬೇಡ. ಮುಚ್ಚಿಟ್ಟದ್ದು ಸಿಕ್ಕಿದರೆ ಮುಲಾಜು ನೋಡಬೇಡ. ಈ ಎರಡನ್ನೂ ಕೋರ್ಸಿನ ಮೊದಲ ದಿನವೇ ಹೇಳಿಬಿಡು, ಮತ್ತೆ ಎಂದೂ ಅದಕ್ಕೆ ತಪ್ಪಬೇಡ. ಒಂದು ಸಲ ನೀನು ಮಾತಿಗೆ ತಪ್ಪಿದರೆ ಆ ಸುದ್ದಿ ರಾತ್ರಿಯೊಳಗೆ ಹಾಸ್ಟೆಲ್ ಪೂರ್ತಿ ಹರಡಿರುತ್ತದೆ.

ಅಭಯ ಅಂದರೆ ಸಲಿಗೆ ಅಂದುಕೊಂಡೀಯ, ಹುಷಾರು. ಕೈ ತೊಳೆಯುವ ವಿಷಯದಲ್ಲಿ ನಾನು ರಾಕ್ಷಸಿ ಅಂತ ಹೆಸರು ತೆಗೆದುಕೊಂಡವಳು, ಅದರ ಬಗ್ಗೆ ನನಗೆ ಬೇಜಾರಿಲ್ಲ. ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಅದರಲ್ಲಿ ಚೌಕಾಸಿ ಇಲ್ಲ. ವಿಯೆನ್ನಾದ ಡಾಕ್ಟರ್ ಸೆಮ್ಮೆಲ್‌ವೈಸ್ ಕಥೆ ಗೊತ್ತಲ್ಲ. 1847ರಲ್ಲಿ, ಹೆಣ ಕೊಯ್ದು ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದ ಮೆಡಿಕಲ್ ವಿದ್ಯಾರ್ಥಿಗಳ ಕೈಯನ್ನು ಅವರು ಕ್ಲೋರಿನ್ ನೀರಿನಲ್ಲಿ ತೊಳೆಸಿದರು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಇಷ್ಟು ಲೆಕ್ಕ ಮುಂದಿದ್ದರೂ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ಒಪ್ಪದವರನ್ನು ಸೆಮ್ಮೆಲ್‌ವೈಸ್ ಕೊಲೆಗಾರರು ಅಂತ ಬಹಿರಂಗ ಪತ್ರ ಬರೆದು ಬೈದರು. ಬೈದಿದ್ದಕ್ಕೆ ಯಾರೂ ಕೈ ತೊಳೆಯಲಿಲ್ಲ. ನೀನು ‘ಕೈ ತೊಳೀರಿ’ ಅಂತ ಕೂಗುವುದಕ್ಕಿಂತ, ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹೋಗುವಾಗ ನೀನೇ ತೊಳೆಯುವುದನ್ನು ಅವರು ದಿನಾ ನೋಡಲಿ. ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ತೊಳೆಯದಿದ್ದಾಗ ‘ಸರ್, ಹ್ಯಾಂಡ್‌ರಬ್’ ಅಂತ ಬಾಟಲಿ ಮುಂದೆ ಹಿಡಿಯುವುದನ್ನೂ ನೋಡಲಿ.

ಈಗ ನಿನ್ನ ಸಹಿಯ ವಿಷಯ. 2021ರಲ್ಲಿ ಬಂದ ಬಿ.ಎಸ್ಸಿ. ನರ್ಸಿಂಗಿನ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಸ್ಕಿಲ್ ಲ್ಯಾಬು, ಸಿಮ್ಯುಲೇಷನ್, ಲಾಗ್ ಬುಕ್ಕು ಎಲ್ಲ ಇವೆ. ಒಳ್ಳೆಯದೇ, ಕ್ಯಾಥೆಟರ್ ಹಾಕುವುದನ್ನು ಜೀವ ಇರುವ ಮನುಷ್ಯರ ಮೇಲೆ ಕಲಿಯುವ ಮುಂಚೆ ಬೊಂಬೆಯ ಮೇಲೆ ಕಲಿಯಲಿ. ಆದರೆ ಸೆಮಿಸ್ಟರಿನ ಕೊನೆಯ ವಾರ ನಿನ್ನ ಟೇಬಲ್ಲಿನ ಮೇಲೆ 60 ಲಾಗ್ ಬುಕ್ಕು ಬಂದು ಬೀಳುತ್ತವೆ. ನೀನು ನೋಡದೇ ಇದ್ದ ಪ್ರೊಸೀಜರುಗಳಿಗೆಲ್ಲ ಸಹಿ ಬೇಕು ಅಂತ ಹುಡುಗಿಯರು ನಿಂತಿರುತ್ತಾರೆ. ಪ್ರಿನ್ಸಿಪಾಲರೂ ಬೇಗ ಮುಗಿಸಿ ಅಂತಾರೆ. ಅಲ್ಲಿ ನೀನು ಕಣ್ಣುಮುಚ್ಚಿ ಸಹಿ ಹಾಕಿದರೆ, ನಾಳೆ ಅವಳು ಎಣಿಸದೆ 20 ಬರೆದಾಗ ಕೇಳುವುದಕ್ಕೆ ನಿನಗೆ ಬಾಯಿ ಇರುವುದಿಲ್ಲ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರು ಕೆತ್ತಿದ್ದಾರೆ. 900 ವರ್ಷವಾದರೂ ಯಾರ ಕೈಕೆಲಸ ಅಂತ ಕೇಳಿದರೆ ಉತ್ತರ ಇದೆ. ನರ್ಸಿನ ಸಹಿಯೂ ಅದೇ ಜಾತಿಯದ್ದು: ಈ ಔಷಧಿ, ಈ ಹೊತ್ತಿನಲ್ಲಿ, ಈ ಕೈಯಿಂದ. ನೋಡಿದ್ದಕ್ಕೆ ಮಾತ್ರ ಸಹಿ ಹಾಕು. ಉಳಿದದ್ದಕ್ಕೆ ‘ನಾಳೆ ಬೆಳಗ್ಗೆ ವಾರ್ಡಿನಲ್ಲಿ ಮಾಡಿ ತೋರಿಸು, ಆಗ ಹಾಕ್ತೀನಿ’ ಅನ್ನು. ಮೊದಲ ಸೆಮಿಸ್ಟರಿನಲ್ಲಿ ಎಲ್ಲರೂ ಬೈದುಕೊಳ್ಳುತ್ತಾರೆ. ಎರಡನೆಯದರಿಂದ ಲಾಗ್ ಬುಕ್ಕು ತಾನಾಗಿ ತಾನೇ ಸಮಯಕ್ಕೆ ತುಂಬುತ್ತದೆ.

ಭಾಷೆಯ ಬಗ್ಗೆ ನಿನ್ನ ಪುಟಗಳಲ್ಲಿ ಒಂದು ಸಾಲೂ ಇಲ್ಲ, ಅದು ನನಗೆ ಆಶ್ಚರ್ಯ. ನೀನೂ ಕನ್ನಡ ಮೀಡಿಯಂನಿಂದ ಬಂದವಳೇ ತಾನೆ. ಪಾಠ, ಪರೀಕ್ಷೆ, ಕೇಸ್ ಪ್ರೆಸೆಂಟೇಶನ್ ಎಲ್ಲ ಇಂಗ್ಲಿಷಿನಲ್ಲಿ. ರೋಗಿ ಮಾತಾಡುವುದು ಕನ್ನಡದಲ್ಲಿ, ಅದೂ ಪುಸ್ತಕದ ಕನ್ನಡದಲ್ಲಲ್ಲ. ‘ಹೊಟ್ಟೆ ತೊಳೆಸ್ತದೆ’, ‘ಕೈಕಾಲು ಜೋಮು ಹಿಡೀತದೆ’, ‘ತಲೆ ಗಿರ್ ಅಂತದೆ’, ‘ಒಂಥರಾ ಸಂಕಟ ಕಣವ್ವ’ ಅಂತ ಹೇಳುತ್ತಾರೆ. ಹಾರ್ಟ್ ಅಟ್ಯಾಕ್ ಆಗುತ್ತಿರುವವರೇ ಎದೆ ಹಿಡಿದುಕೊಂಡು ‘ಏನಿಲ್ಲ, ಗ್ಯಾಸ್ಟ್ರಿಕ್ಕು’ ಅನ್ನುತ್ತಾರೆ. ಆ ‘ಗ್ಯಾಸ್ಟ್ರಿಕ್ಕು’ ಎಲ್ಲಿ ಶುರುವಾಯಿತು, ಎಡಗೈಗೆ ಇಳಿಯುತ್ತಿದೆಯಾ, ಬೆವರು ಬಂತಾ ಅಂತ ಕೇಳುವುದನ್ನು ಕಲಿಸು. ಇಂಗ್ಲಿಷಿನಲ್ಲಿ ತಡವರಿಸುವ ಹುಡುಗಿಯನ್ನು ದಡ್ಡಿ ಅಂತ ಪಕ್ಕಕ್ಕೆ ಕೂರಿಸುತ್ತೇವಲ್ಲ, ವಾರ್ಡಿನಲ್ಲಿ ಅಜ್ಜಿಯ ಪಕ್ಕ ಕೂತು ಎರಡು ನಿಮಿಷದಲ್ಲಿ ಪೂರ್ತಿ ಹಿಸ್ಟರಿ ಎತ್ತಿಕೊಂಡು ಬರುವವಳು ಎಷ್ಟೋ ಸಲ ಅವಳೇ. ಕೇಸನ್ನು ಮೊದಲು ಕನ್ನಡದಲ್ಲಿ ಹೇಳಲು ಬಿಡು. ವಿಷಯ ಕೈಗೆ ಬಂದ ಮೇಲೆ ಇಂಗ್ಲಿಷಿಗೆ ತಿರುಗಿಸುವುದನ್ನು ಜೊತೆಗೆ ಕೂತು ಹೇಳಿಕೊಡು. ಹೊರರಾಜ್ಯದಿಂದ ಬಂದ ಮಕ್ಕಳಿಗೆ ಈ ಹುಡುಗಿಯರೇ ಕನ್ನಡದ ಮೇಷ್ಟ್ರಾಗಲಿ. ಆಗ ಕ್ಲಾಸಿನಲ್ಲಿ ತಲೆ ತಗ್ಗಿಸಿ ಕೂರುವವರು ಯಾರೂ ಇರುವುದಿಲ್ಲ.

ಲ್ಯಾಂಪ್ ಲೈಟಿಂಗ್ ದಿನ ನೈಟಿಂಗೇಲರ ಬಗ್ಗೆ ಮಾತಾಡು ಅಂತ ನಿನ್ನನ್ನೇ ಕರೆಯುತ್ತಾರೆ, ಹೊಸಬಳಲ್ಲವೇ. ದೀಪದ ಬಗ್ಗೆ ಎಲ್ಲರೂ ಮಾತಾಡಿರುತ್ತಾರೆ. ನೀನು ಅವರ ಲೆಕ್ಕದ ಬಗ್ಗೆ ಹೇಳು. ಕ್ರಿಮಿಯಾ ಯುದ್ಧದಲ್ಲಿ ಸತ್ತ ಸಿಪಾಯಿಗಳಲ್ಲಿ ಹೆಚ್ಚಿನವರು ಗಾಯದಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತರು ಅಂತ 1858ರಲ್ಲಿ ಬಣ್ಣದ ಚಕ್ರ ಬರೆದು ಸರ್ಕಾರಕ್ಕೆ ತೋರಿಸಿದವರು ಅವರು. ಎಣಿಸಿ, ಎಣಿಸಿದ್ದನ್ನೇ ಬರೆದರು. ಅಷ್ಟು ಹೇಳಿ ಕೂತುಕೋ, ಭಾಷಣ ಉದ್ದವಾದರೆ ಮೇಣದ ಬತ್ತಿ ಹಿಡಿದು ನಿಂತ ಮಕ್ಕಳ ಕೈ ಸುಡುತ್ತದೆ.

ಇದೆಲ್ಲ ಆಗಬೇಕಾದರೆ ನೀನು ವಾರ್ಡಿನಲ್ಲಿರಬೇಕು. ಒಂದು ಕಾಲಕ್ಕೆ ನರ್ಸುಗಳಿಗೇ ಬರ ಇತ್ತು: 1946ರಲ್ಲಿ ಭೋರ್ ಸಮಿತಿ ಈ ದೇಶದಲ್ಲಿ 43,000 ಜನಕ್ಕೆ ಒಬ್ಬ ನರ್ಸ್ ಅಂತ ಲೆಕ್ಕ ಕೊಟ್ಟಿತ್ತು. ಅದೇ ವರ್ಷ ದೆಹಲಿಯಲ್ಲೂ ವೆಲ್ಲೂರಿನಲ್ಲೂ ಬಿ.ಎಸ್ಸಿ. ನರ್ಸಿಂಗ್ ಶುರುವಾಯಿತು. ಈಗ ಕರ್ನಾಟಕ ಒಂದರಲ್ಲೇ ನೂರಾರು ಕಾಲೇಜುಗಳಿವೆ, ಕಾಲೇಜಿಗೆ ಬರ ಇಲ್ಲ. ಬೆಳಗಿನ ಹ್ಯಾಂಡೋವರಿಗೆ ವಿದ್ಯಾರ್ಥಿಗಳ ಜೊತೆ ವಾರ್ಡಿಗೆ ಹೋಗಿ, ಮಧ್ಯಾಹ್ನ ಅವರ ಜೊತೆಗೇ ವಾಪಸ್ ಬರುವ ಟ್ಯೂಟರುಗಳಿಗೆ ಬರ ಇದೆ. ಬಹಳ ಕಡೆ ಮಕ್ಕಳನ್ನು ಬಸ್ಸಿಂದ ಇಳಿಸಿ, ಅಟೆಂಡೆನ್ಸ್ ತೆಗೆದುಕೊಂಡು, ಟ್ಯೂಟರು ಕಾಲೇಜಿನ ಫೈಲು ತುಂಬುವುದಕ್ಕೆ ಹೋಗಿಬಿಡುತ್ತಾಳೆ. ಇಂಟರ್ವ್ಯೂನಲ್ಲಿ ನೀನು ಒಂದೇ ಒಂದು ಪ್ರಶ್ನೆ ಕೇಳಬಹುದಾದರೆ ಸಂಬಳ ಎಷ್ಟು ಅಂತ ಕೇಳು. ಎರಡು ಕೇಳಬಹುದಾದರೆ ವಾರಕ್ಕೆ ಎಷ್ಟು ದಿನ ವಾರ್ಡಿನಲ್ಲಿರಲು ಬಿಡ್ತೀರಿ ಅಂತ ಕೇಳು.

ಕೊನೆಗೆ ಒಂದು. ಇದು ತತ್ವದ ಮಾತಲ್ಲ ಅಂತ ಅನ್ನಿಸಬಹುದು, ಆದರೆ ಅದಕ್ಕೇ ಸೇರಿದ್ದು. ಕೆಲವು ಕಡೆ ಕೆಲಸಕ್ಕೆ ಸೇರುವಾಗ ನಿನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು, ಕೌನ್ಸಿಲ್ ರಿಜಿಸ್ಟ್ರೇಷನ್ ಎಲ್ಲ ತಮ್ಮ ಬೀರುವಿನಲ್ಲಿ ಇಟ್ಟುಕೊಳ್ಳುತ್ತೇವೆ ಅನ್ನುತ್ತಾರೆ. ಬೇರೆಯವರ ಬೀರುವಿನಲ್ಲಿ ತನ್ನ ಸರ್ಟಿಫಿಕೇಟು ಬಿಟ್ಟವಳು, ಇನ್‌ಸ್ಪೆಕ್ಷನ್ ದಿನ ಸುಳ್ಳು ಹಾಜರಿಗೆ ಸಹಿ ಹಾಕು ಅಂದರೆ ಹಾಕುತ್ತಾಳೆ, ಲಾಗ್ ಬುಕ್ಕಿಗೂ ಹಾಕುತ್ತಾಳೆ. ತಾನೇ ಹೆದರಿಕೊಂಡಿರುವ ಟ್ಯೂಟರು ವಿದ್ಯಾರ್ಥಿನಿಗೆ ಯಾವ ಅಭಯ ಕೊಟ್ಟಾಳು? ಒರಿಜಿನಲ್ ತೋರಿಸು, ಜೆರಾಕ್ಸ್ ಕೊಡು, ಒರಿಜಿನಲ್ಲನ್ನು ವಾಪಸ್ ಬ್ಯಾಗಿಗೆ ಹಾಕಿಕೊಂಡು ಬಾ. ಒಪ್ಪದಿದ್ದರೆ ಆ ಕೆಲಸ ಬೇಡ ಕಣಮ್ಮ, ಹಾಸನದಲ್ಲಿ ಬೇರೆ ಕಾಲೇಜುಗಳೂ ಇವೆ.